ಎದೆ ತುಂಬ ಹದಿನಾರು ರಿಬ್ಬನ್

ನಮ್ಮದು ಮುಚ್ಚಳದ ಕಂಪನಿ. ಡಬ್ಬಿ, ಭರಣಿ, ಬಾಟಲಿ ಮಾಡುವವರು ಬೇರೆ ಊರುಗಳಲ್ಲಿದ್ದಾರೆ. ಸುವಾ ಸರೋವರದ ದಡದ ಈ ಊರಿನಲ್ಲಿ ನಾವು ಇನ್ನೂರ ಹತ್ತು ಜನ ಸೇರಿಕೊಂಡು ಅವುಗಳ ಬಾಯಿ ಮುಚ್ಚುತ್ತೇವೆ. ಐವತ್ತು ವರ್ಷದಿಂದ ಮುಚ್ಚುತ್ತಿದ್ದೇವೆ. ಯಾರೂ ದೂರಿಲ್ಲ.

ನನ್ನ ಪಕ್ಕದ ಮೇಜಿನವರು ಮೊಮೊಸೆ ಯಾಸುವೊ. ವಯಸ್ಸು ನಲವತ್ತಾರು. ಸಾಮಾನ್ಯ ವ್ಯವಹಾರ ವಿಭಾಗದ ಉಪಮುಖ್ಯಸ್ಥರು. ಆಫೀಸಿನಲ್ಲಿ ಯಾವ ಕೆಲಸ ಯಾರದ್ದೂ ಅಲ್ಲವೋ ಅದು ಅವರದ್ದು. ಅತಿಥಿಗಳ ಚಪ್ಪಲಿ ಜೋಡಿಸುವುದು, ಬಲ್ಬು ಬದಲಾಯಿಸುವುದು, ವರ್ಷಾಂತ್ಯದ ಔತಣದಲ್ಲಿ ಕುಡಿದು ಮಲಗಿದವರನ್ನು ಎಣಿಸಿ ಟ್ಯಾಕ್ಸಿಗೆ ಹತ್ತಿಸುವುದು ಎಲ್ಲವನ್ನೂ ಅವರೇ ಮಾಡುತ್ತಿದ್ದರು. ಯಾರು ಏನು ಕೇಳಿದರೂ ಅವರ ಉತ್ತರ "ಹೌದು ಹೌದು". ಅರ್ಥವಾದರೆ ಒಂದು ಸಲ ತಲೆಯಾಡಿಸುತ್ತಿದ್ದರು, ಆಗದಿದ್ದರೆ ಮೂರು ಸಲ. ನಾನು ಹದಿನಾಲ್ಕು ವರ್ಷ ಎಣಿಸಿ ನೋಡಿದ್ದೇನೆ. ಹೆಚ್ಚಿನ ದಿನ ಮೂರೇ.

ಫೆಬ್ರವರಿಯ ಒಂದು ಬೆಳಗ್ಗೆ ನಮ್ಮ ವಿಭಾಗದ ಮುಖ್ಯಸ್ಥ ಹನಾಓಕಾ ಅವರಿಗೆ ಸಂಕಟ ಶುರುವಾಯಿತು. ವ್ಯವಸ್ಥಾಪಕರ ತರಬೇತಿಗೆ ಕಂಪನಿಯಿಂದ ಒಬ್ಬನನ್ನು ಕಳಿಸುತ್ತೇವೆಂದು ಅಧ್ಯಕ್ಷರ ರುಜು ಹಾಕಿಸಿ ಪತ್ರ ಬರೆದಾಗಿತ್ತು. ಹೋಗಬೇಕಿದ್ದ ಮಾರಾಟ ವಿಭಾಗದ ಯುವಕ ಉಶಿಯಾಮಾ ಭಾನುವಾರ ಹಿಮದಲ್ಲಿ ಜಾರುವ ಆಟಕ್ಕೆ ಹೋಗಿ ಕಾಲು ಮುರಿದುಕೊಂಡಿದ್ದ. ಈಗ ಯಾರೂ ಹೋಗದಿದ್ದರೆ ಅಧ್ಯಕ್ಷರ ಮರ್ಯಾದೆ ಹೋಗುತ್ತದೆ, ಬೇರೆ ಯಾರನ್ನು ಕಳಿಸಿದರೂ ಕೆಲಸ ನಿಲ್ಲುತ್ತದೆ. ಹನಾಓಕಾ ಆಫೀಸನ್ನೆಲ್ಲ ಕಣ್ಣಾಡಿಸಿದರು. ಮೊಮೊಸೆ ಕಿಟಕಿಯ ಬಳಿ ಹೂಕುಂಡಕ್ಕೆ ನೀರು ಹಾಕುತ್ತಿದ್ದರು. ಅದು ಪ್ಲಾಸ್ಟಿಕ್ ಗಿಡ.

"ಮೊಮೊಸೆ ಸಾನ್, ಹದಿಮೂರು ದಿನ ಬೆಟ್ಟದ ತಪ್ಪಲಿಗೆ ಹೋಗಿಬರ್ತೀರಾ?"

ಅದೇ ಹೊತ್ತಿಗೆ ಫೋನ್ ಹೊಡೆದುಕೊಂಡಿತು. ಮೊಮೊಸೆಗೆ ಕೇಳಿಸಿದ್ದು 'ಹೋಗಿಬರ್ತೀರಾ' ಎಂಬುದೊಂದೇ. "ಹೌದು ಹೌದು" ಎಂದು ಮೂರು ಸಲ ತಲೆಯಾಡಿಸಿ, ಕೋಟು ತೊಟ್ಟು ಅಂಚೆ ಕಚೇರಿಗೆ ಹೋಗಿ ಐವತ್ತು ಅಂಚೆಚೀಟಿ ತಂದರು. ಬರುವಷ್ಟರಲ್ಲಿ ಅವರ ಮೇಜಿನ ಮೇಲೆ ಒಂದು ಲಕೋಟೆ ಕೂತಿತ್ತು. 'ಸಿಂಹಗರ್ಜನೆ ವ್ಯವಸ್ಥಾಪಕರ ತರಬೇತಿ ಕೇಂದ್ರ. ನಾಳಿನ ಕಂಪನಿಯನ್ನು ಮುನ್ನಡೆಸುವವರಿಗೆ ಸ್ವಾಗತ.'

ಅವರು ಅದನ್ನು ನಾಲ್ಕು ಸಲ ಓದಿ, ನನ್ನ ಕಡೆ ತಿರುಗಿ ಕೇಳಿದರು. "ಇದು ನಿಮ್ಮ ಮೇಜಿಗೆ ಬರಬೇಕಿತ್ತೇನೋ?"

"ನಿಮ್ಮ ಹೆಸರೇ ಇದೆಯಲ್ರೀ."

"ಹೌದು ಹೌದು," ಎಂದರು. ಮೂರು ಸಲ.

ಮನುಷ್ಯ ಇಷ್ಟಕ್ಕೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ. ಅಂದು ಸಂಜೆ ನಮ್ಮ ಬೀದಿಯ ಬಿಸಿನೀರಿನ ಸ್ನಾನದ ಮನೆಯಲ್ಲಿ, ಕುತ್ತಿಗೆಯವರೆಗೆ ಮುಳುಗಿ ಕೂತಿದ್ದಾಗ, ಬೀದಿ ಸಂಘದ ಅಧ್ಯಕ್ಷ ಓಗುಚಿ ಅವರನ್ನು ಮಾತಿಗೆಳೆದರು. ಓಗುಚಿ ನಿವೃತ್ತ ಪೋಸ್ಟ್‌ಮಾಸ್ಟರ್. ಕಾಗದ ಹಂಚುವುದು ನಿಂತು ಹತ್ತು ವರ್ಷವಾದರೂ ಸುದ್ದಿ ಹಂಚುವುದು ನಿಂತಿರಲಿಲ್ಲ.

"ಏನ್ರೀ ಮೊಮೊಸೆ ಸಾನ್, ಎಲ್ಲಿಗೋ ಹೊರಟಿದ್ದೀರಂತೆ?"

ಬಿಸಿನೀರು ಎಂಥವರ ನಾಲಿಗೆಯನ್ನೂ ಸಡಿಲಿಸುತ್ತದೆ. "ಇನ್ನೂರ ಹತ್ತು ಜನರಲ್ಲಿ ಒಬ್ಬರನ್ನ ಆರಿಸಬೇಕಿತ್ತು," ಎಂದರು ಮೊಮೊಸೆ.

"ನಿಮ್ಮನ್ನ ಆರಿಸಿದ್ರಾ?"

"ನನ್ನನ್ನೇ."

"ಯಾಕೆ?"

"ಅದನ್ನ ಕಂಪನಿಯಿಂದ ಹೊರಗೆ ಹೇಳೋ ಹಾಗಿಲ್ಲ."

ಅದು ಅವರಿಗೂ ಗೊತ್ತಿರಲಿಲ್ಲ. ಆದರೆ ಓಗುಚಿ 'ಓಹೋ' ಎಂದು ನೀರಿನಿಂದ ಅರ್ಧ ಎದ್ದೇ ಬಿಟ್ಟರು.

ತರಬೇತಿ ಕೇಂದ್ರದಲ್ಲಿ ನಡೆದದ್ದನ್ನು ಮೊಮೊಸೆ ಆಮೇಲೆ ನನಗೆ ಹೇಳಿದರು. ಬಂದ ದಿನವೇ ಪ್ರತಿಯೊಬ್ಬರಿಗೂ ಒಂದು ಬಿಳಿ ಅಂಗಿ ಕೊಟ್ಟರಂತೆ. ಅಂಗಿಯ ಎದೆಯ ಮೇಲೆ ಹದಿನಾರು ರಿಬ್ಬನ್. ಒಂದೊಂದರ ಮೇಲೂ ದಪ್ಪ ಮಸಿಯಲ್ಲಿ ಒಂದೊಂದು ವಿಷಯ: ನೆನಪು, ವರದಿ, ಸ್ಪಷ್ಟ ಮಾತು, ನಿರ್ಧಾರ, ಫೋನ್ ಮರ್ಯಾದೆ, ಹೀಗೆ. ಇವು ಬಹುಮಾನಗಳಲ್ಲ, 'ಈ ವಿಷಯದಲ್ಲಿ ನಾನು ದಡ್ಡ' ಎಂದು ಊರಿಗೆಲ್ಲ ಸಾರುವ ಗುರುತು. ಪರೀಕ್ಷೆ ಪಾಸಾದಂತೆಲ್ಲ ಒಂದೊಂದೇ ಕಿತ್ತುಹಾಕುತ್ತಾರೆ. ಹದಿಮೂರನೇ ದಿನ ಯಾರ ಎದೆ ಬರಿದಾಗಿದೆಯೋ ಅವನು ಮನೆಗೆ ಹೋಗಬಹುದು. ಮುಖ್ಯ ಶಿಕ್ಷಕ ಇವಾದಾರೆ ಇದನ್ನೆಲ್ಲ ಅರ್ಧ ಗಂಟೆ ಕಿರುಚಿ ವಿವರಿಸಿದರು. ಆ ಅರ್ಧ ಗಂಟೆಯೂ ಮೊಮೊಸೆ, ಶೌಚಾಲಯದ ಚಪ್ಪಲಿಯಲ್ಲೇ ಸಭೆಗೆ ಬಂದುಬಿಟ್ಟಿದ್ದೇನೆಂದು ಕಂಡುಕೊಂಡು, ಒಂದು ಕಾಲಿನ ಹಿಂದೆ ಇನ್ನೊಂದು ಕಾಲನ್ನು ಅಡಗಿಸುವ ಪ್ರಯತ್ನದಲ್ಲಿದ್ದರು.

ಹೀಗಾಗಿ ಅಂಗಿ ಕೈಗೆ ಬಂದಾಗ ಅವರ ಕಣ್ಣು ತುಂಬಿ ಬಂತು. ಸೊಂಟದವರೆಗೆ ಬಾಗಿ, "ನನ್ನ ಯೋಗ್ಯತೆಗೆ ಮೀರಿದ ಗೌರವ. ಬಂದ ದಿನವೇ ಇಷ್ಟೊಂದಾ!" ಎಂದರು.

ಇವಾದಾರೆ ಅವರನ್ನು ಬಹಳ ಹೊತ್ತು ದಿಟ್ಟಿಸಿದರಂತೆ. "ನನ್ನ ಹತ್ತಿರ ತಮಾಷೆ ನಡಿಯಲ್ಲ," ಎಂದರು.

"ಹೌದು ಹೌದು," ಎಂದರು ಮೊಮೊಸೆ.

ಮೊದಲ ಮೂರು ದಿನ ಅವರು ರಿಬ್ಬನ್ ಕಳೆದುಕೊಂಡವರನ್ನೆಲ್ಲ ಹುಡುಕಿ ಹುಡುಕಿ ಸಮಾಧಾನ ಮಾಡಿದರು. ನಗೋಯಾದ ಬ್ಯಾಂಕಿನವನೊಬ್ಬ 'ನೆನಪು' ಪಾಸಾಗಿ ಕುಣಿಯುತ್ತಾ ಬಂದರೆ, ಅವನ ಭುಜದ ಮೇಲೆ ಕೈಯಿಟ್ಟು, "ಪಾಪ, ಕಿತ್ತುಕೊಂಡ್ರಾ? ಎದೆಗುಂದಬೇಡಿ, ನಾಳೆ ವಾಪಸ್ ಕೊಟ್ಟಾರು," ಎಂದರು. ನಾಲ್ಕನೇ ದಿನ ಅವನೇ ಇವರನ್ನು ಮೂಲೆಗೆ ಕರೆದು ನಿಜ ಹೇಳಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. 'ವರದಿ'ಯಲ್ಲಿ ಮೊದಲು ಹೇಳಬೇಕಾದ್ದನ್ನು ಕೊನೆಗೆ ಹೇಳಿದರು. 'ನಿರ್ಧಾರ'ದಲ್ಲಿ, ಮುಳುಗುವ ದೋಣಿಯಿಂದ ಮೊದಲು ಯಾರನ್ನು ಇಳಿಸುತ್ತೀರಿ ಎಂದರೆ, "ವಿಭಾಗದ ಮುಖ್ಯಸ್ಥರನ್ನ ಕೇಳಿ ಹೇಳ್ತೀನಿ," ಎಂದರು. ಏಳನೇ ದಿನ 'ಫೋನ್ ಮರ್ಯಾದೆ' ಹೇಗೋ ಪಾಸಾಯಿತು. ಆ ಸಂತೋಷದಲ್ಲಿ ಫೋನಿಗೆ ಎಷ್ಟು ಬಾಗಿ ನಮಸ್ಕರಿಸಿದರೆಂದರೆ, ಹಣೆ ತಗುಲಿ ಕರೆ ಕಡಿದುಹೋಯಿತು. ರಿಬ್ಬನ್ ವಾಪಸ್ ಬಂತು.

ಒಂಬತ್ತನೇ ದಿನ 'ಸ್ಪಷ್ಟ ಮಾತಿ'ನ ಪರೀಕ್ಷೆ. ರೈಲು ನಿಲ್ದಾಣದ ಎದುರು ನಿಂತು ಗಂಟಲು ಹರಿಯುವಂತೆ ಕೇಂದ್ರದ ಹಾಡು ಹಾಡಬೇಕು. ರಸ್ತೆಯ ಆಚೆ ಬದಿ ನಿಂತ ಇವಾದಾರೆಗೆ ಪ್ರತಿ ಪದವೂ ಕೇಳಿಸಬೇಕು. ದಾರಿಹೋಕರು ಯಾರಾದರೂ ಮಾತಾಡಿಸಿದರೆ ತನ್ನ ಹೆಸರು ಮತ್ತು ಎದೆಯ ಮೇಲಿನ ರಿಬ್ಬನ್ನಿನ ಲೆಕ್ಕ ಬಿಟ್ಟು ಬೇರೆ ಮಾತಾಡುವಂತಿಲ್ಲ. ಬಸ್ಸು ಅವರನ್ನು ಇಳಿಸಿದ್ದು ಎಲ್ಲಿ? ಸುವಾ ನಿಲ್ದಾಣದಲ್ಲಿ. ಮನೆಯಿಂದ ಏಳು ನಿಮಿಷದ ದಾರಿ. ಅಲ್ಲಿಗೆ ಈರುಳ್ಳಿ ಸೊಪ್ಪಿನ ಚೀಲ ಹಿಡಿದು ಬಂದವರು ಯಾರು? ಓಗುಚಿ.

"ಅರೆ! ಮೊಮೊಸೆ ಸಾನ್ ಅಲ್ವಾ? ಇದೇನ್ರೀ ಎದೆ ತುಂಬ?"

"ಮೊಮೊಸೆ ಯಾಸುವೊ! ಹದಿನಾರು ರಿಬ್ಬನ್!"

ಓಗುಚಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಒಂದೊಂದಾಗಿ ಓದಿದರು. 'ನೆನಪು. ನಿರ್ಧಾರ. ನಾಯಕತ್ವ. ಸ್ಪಷ್ಟ ಮಾತು.' ಆಮೇಲೆ ಪಕ್ಕದವರ ಎದೆ ನೋಡಿದರು. ಬ್ಯಾಂಕಿನವನ ಎದೆಯಲ್ಲಿ ಎರಡು. ಅದರಾಚೆಯವನಿಗೆ ಮೂರು. ಕೊನೆಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದವನ ಎದೆಯಲ್ಲಿ ಒಂದೂ ಇಲ್ಲ. ಓಗುಚಿ ಅವನ ಹತ್ತಿರ ಹೋಗಿ, "ಮನಸ್ಸಿಗೆ ಹಚ್ಕೋಬೇಡ ಮಗು," ಎಂದು ಒಂದು ಕಟ್ಟು ಈರುಳ್ಳಿ ಸೊಪ್ಪು ಕೊಟ್ಟರು. ಮತ್ತೆ ಮೊಮೊಸೆ ಬಳಿ ಬಂದು ತಲೆ ಬಾಗಿದರು. "ಇಷ್ಟು ವರ್ಷ ಒಂದೇ ನೀರಲ್ಲಿ ಕೂತು ಸ್ನಾನ ಮಾಡಿದ್ವಿ. ನೀವು ಯಾರು ಅಂತ ನನಗೆ ಗೊತ್ತಾಗಲಿಲ್ಲ."

"ಮೊಮೊಸೆ ಯಾಸುವೊ! ಹದಿನಾರು ರಿಬ್ಬನ್!" ಎಂದರು ಮೊಮೊಸೆ. ಬೇರೇನು ಹೇಳಲು ಸಾಧ್ಯ?

ರಸ್ತೆಯಾಚೆ ಇವಾದಾರೆಗೆ ಟ್ಯಾಕ್ಸಿಗಳ ಹಾರ್ನ್ ಬಿಟ್ಟು ಏನೂ ಕೇಳಿಸಲಿಲ್ಲ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ನಮ್ಮ ಬೀದಿಯಲ್ಲಿ ಕಡಿಮೆಯೇನಿಲ್ಲ. ಓಗುಚಿ ನೇರ ಮೊಮೊಸೆಯವರ ಮನೆಗೆ ನಡೆದರು. "ಅಮ್ಮಾ, ಹದಿನಾರು ಬಹುಮಾನ! ಬೇರೆಯವರಿಗೆ ಎರಡು, ಮೂರು. ಬ್ಯಾಂಕಿನವರಿಗೂ ಅಷ್ಟೇ!" ಮೊಮೊಸೆಯ ಹೆಂಡತಿ ತೋಕಿಯೆ ಬಾಗಿಲಲ್ಲೇ ಮಂಡಿಯೂರಿ, "ನಿಮ್ಮೆಲ್ಲರ ಆಶೀರ್ವಾದ," ಎಂದಳು. ಸಂಜೆಯ ಹೊತ್ತಿಗೆ ಸುದ್ದಿ ಅವಳ ಅಣ್ಣ ಫುಜಿಮೊರಿಯ ಕಿವಿಗೆ ಬಿತ್ತು. ಫುಜಿಮೊರಿ ನಮ್ಮೂರಿನಲ್ಲಿ ಸೋಯಾ ಹುದುಗಿಸಿ ಮಿಸೊ ಮಾಡುವ ದೊಡ್ಡ ತಯಾರಕ. ತಂಗಿ ಮುಚ್ಚಳದ ಕಂಪನಿಯವನನ್ನು ಮದುವೆಯಾದಳೆಂದು ಹತ್ತೊಂಬತ್ತು ವರ್ಷ ಅವರ ಮನೆಯ ಹೊಸಿಲು ತುಳಿದವನಲ್ಲ. ಮರುದಿನ ಅವನೇ ಒಂದು ಪೀಪಾಯಿ ಮಿಸೊ ಹೊರಿಸಿಕೊಂಡು ಬಂದು, ಚಪ್ಪಲಿ ಬಿಟ್ಟು, ಒಳಗೆ ಕೂತು, ಚಹಾ ಕುಡಿದು, "ಭಾವನವರಲ್ಲಿ ಏನೋ ಇದೆ ಅಂತ ನಂಗೆ ಮದುವೆ ದಿನವೇ ಅನ್ನಿಸಿತ್ತು," ಎಂದ.

ಅದರ ಮರುದಿನ ಓಗುಚಿ ಬೀದಿ ಸಂಘದ ಪರವಾಗಿ, ಕಟ್ಟಿದ ಸಿಹಿಯ ಡಬ್ಬಿಯೊಂದಿಗೆ, ನಮ್ಮ ಕಂಪನಿಯ ಅಧ್ಯಕ್ಷ ಯಾಜಿಮಾ ಅವರನ್ನು ಅಭಿನಂದಿಸಲು ಬಂದರು. ಅಧ್ಯಕ್ಷರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೆ ಹೊರಗಿನವರ ಎದುರು 'ಯಾವ ಮೊಮೊಸೆ?' ಎಂದು ಕೇಳಲಾದೀತೇ? ಹನಾಓಕಾ ಅವರನ್ನು ಕರೆಸಿದರು.

"ಹನಾಓಕಾ, ನಮ್ಮ ಮೊಮೊಸೆಯ ವಿಷಯ ನಿನಗೆ ಗೊತ್ತಿತ್ತಾ?"

ಹನಾಓಕಾಗೆ ಬೆವರು ಇಳಿಯಿತು. ಗೊತ್ತಿಲ್ಲ ಅಂದರೆ ತಮ್ಮ ಕೆಳಗಿನವರ ಬಗ್ಗೆ ತಿಳಿಯದ ಮುಖ್ಯಸ್ಥ ಎನಿಸಿಕೊಳ್ಳುತ್ತಾರೆ. "ಗೊತ್ತಿತ್ತು ಅಧ್ಯಕ್ಷರೇ. ಅದಕ್ಕೇ ಅವರನ್ನೇ ಆರಿಸಿದ್ದು."

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದರು ಅಧ್ಯಕ್ಷರು.

ಸೋಮವಾರದ ಬೆಳಗಿನ ಸಭೆಯಲ್ಲಿ ಘೋಷಣೆಯೇ ಆಗಿಹೋಯಿತು. ಏಪ್ರಿಲ್‌ನಿಂದ ಕಂಪನಿಯಲ್ಲಿ ಸಿಬ್ಬಂದಿ ತರಬೇತಿ ವಿಭಾಗ, ಅದರ ಮುಖ್ಯಸ್ಥ ಮೊಮೊಸೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಎಲ್ಲರೂ ತಟ್ಟುವಾಗ ಒಬ್ಬ ಸುಮ್ಮನಿದ್ದರೆ ಏನೋ ಗೊತ್ತಿರುವವನಂತೆ ಕಾಣುತ್ತಾನೆ.

ಹದಿಮೂರನೇ ದಿನ ಮೊಮೊಸೆ ಬರಲಿಲ್ಲ. ಕೇಂದ್ರದಿಂದ ಫೋನ್ ಬಂತು. ಇನ್ನೂ ಕೆಲವು ದಿನ ಉಳಿಸಿಕೊಳ್ಳಬೇಕಾಗಿದೆ ಎಂದರು.

"ಅಲ್ಲೇ ಪಾಠ ಹೇಳೋಕೆ ಉಳಿಸ್ಕೊಂಡಿದ್ದಾರೆ!" ಎಂದರು ಓಗುಚಿ.

"ಅವನನ್ನ ಹಾರಿಸ್ಕೊಂಡು ಹೋಗ್ತಾರೆ!" ಎಂದರು ಅಧ್ಯಕ್ಷರು. ಕಾರು ತೆಗೆಯಲು ಹೇಳಿದರು. ಓಡಿಸಿದವನು ನಾನು, ಪಕ್ಕದಲ್ಲಿ ಹನಾಓಕಾ. ಆದ್ದರಿಂದ ಮುಂದಿನ ಮಾತುಕತೆಗೆ ನನ್ನ ಕಿವಿಯೇ ಸಾಕ್ಷಿ.

ಕೇಂದ್ರದ ಅತಿಥಿಗಳ ಕೋಣೆಯಲ್ಲಿ ಅಧ್ಯಕ್ಷರೂ ಇವಾದಾರೆಯವರೂ ಒಬ್ಬರಿಗಿಂತ ಒಬ್ಬರು ಕೆಳಗೆ ಬಾಗಿದರು. ತಮ್ಮವರನ್ನು ಫೇಲು ಮಾಡಿದ ಅವಮಾನಕ್ಕೆ ಕೆರಳಿ ಕಂಪನಿಯ ಅಧ್ಯಕ್ಷರೇ ಬಂದಿದ್ದಾರೆಂದು ಇವಾದಾರೆಯ ಮುಖ ಬಿಳಿಚಿತ್ತು.

"ನಮ್ಮ ಮೊಮೊಸೆ ತಮಗೆ ತುಂಬ ತೊಂದರೆ ಕೊಟ್ಟಿರಬೇಕು," ಎಂದರು ಅಧ್ಯಕ್ಷರು, ಎಲ್ಲರೂ ವಾಡಿಕೆಗೆ ಹೇಳುವಂತೆ.

"ಕೊಟ್ಟಿದ್ದಾರೆ," ಎಂದರು ಇವಾದಾರೆ.

ಅಧ್ಯಕ್ಷರು ನಕ್ಕರು. ಎಂಥ ಆತ್ಮೀಯತೆ!

"ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರ ಜನರನ್ನ ನೋಡಿದ್ದೀನಿ. ಇಂಥವರನ್ನ ಒಬ್ಬರನ್ನೂ ನೋಡಿಲ್ಲ."

"ಛೆ ಛೆ, ನಮ್ಮದು ಬರೀ ಮುಚ್ಚಳದ ಕಂಪನಿ."

"ಹದಿಮೂರನೇ ದಿನವೂ ಹದಿನಾರಕ್ಕೆ ಹದಿನಾರು. ನಮ್ಮ ಕೇಂದ್ರದಲ್ಲಿ ಇದು ದಾಖಲೆ."

ಅಧ್ಯಕ್ಷರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. "ಅವನಿಗೆ ಕಲಿಸೋದು ಇನ್ನೇನಾದರೂ ಉಳಿದಿದೆಯೇ?"

"ಅವರಿಗೆ ನಾನು ಕಲಿಸಬಹುದಾದ್ದು ಏನೂ ಇಲ್ಲ. ಅವರಿಂದ ನಾನೇ ಕಲಿತೆ, ನನ್ನ ತಾಳ್ಮೆ ಎಷ್ಟು ಅಂತ."

"ತಮಗೆ ಇಷ್ಟೊಂದು ಬೇಕಾದವನನ್ನ ಕರ್ಕೊಂಡು ಹೋಗೋಕೆ ಸಂಕೋಚ ಆಗುತ್ತೆ. ಇನ್ನೊಂದು ತಿಂಗಳು..."

"ಬೇಡ!" ಇವಾದಾರೆ ಎದ್ದು ನಿಂತೇ ಬಿಟ್ಟರು. "ದಯವಿಟ್ಟು ಈಗಲೇ ಕರ್ಕೊಂಡು ಹೋಗಿ. ಅಂಗಿಯೂ ಅವರಿಗೇ ಇರಲಿ."

"ಎಂಥ ದೊಡ್ಡ ಮನಸ್ಸು," ಎಂದು ಅಧ್ಯಕ್ಷರು ನನ್ನ ಕಿವಿಯಲ್ಲಿ ಹೇಳಿದರು. ನಾನು ಹನಾಓಕಾ ಅವರ ಮುಖ ನೋಡಿದೆ. ಹನಾಓಕಾ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು.

ಹೊರಗೆ ಮೊಮೊಸೆ ಅಂಗಳ ಗುಡಿಸುತ್ತಿದ್ದರು. ಹದಿಮೂರು ದಿನದ ಅರಚಾಟದಲ್ಲಿ ಅವರ ಸಣ್ಣ ದನಿ ಎಲ್ಲೋ ಕಳೆದುಹೋಗಿತ್ತು. "ಅಧ್ಯಕ್ಷರಿಗೆ ನಮಸ್ಕಾರ!" ಎಂದು ಕೂಗಿದ ಹೊಡೆತಕ್ಕೆ ಛಾವಣಿಯಿಂದ ಹಿಮ ಜಾರಿ ಬಿತ್ತು. ಕಾರಿನಲ್ಲಿ ತಮ್ಮ ಹೊಸ ಹುದ್ದೆಯ ವಿಷಯ ಕೇಳಿದಾಗ ಮೂರು ಸಲ ತಲೆಯಾಡಿಸಿದರು. ನಾಲ್ಕನೆಯದೂ ಆಡಿಸಿದ್ದು ಕನ್ನಡಿಯಲ್ಲಿ ಕಂಡಿತು.

ಕಂಪನಿಯ ಊಟದ ಮನೆಯಲ್ಲಿ ಸನ್ಮಾನ. ಅಧ್ಯಕ್ಷರು, ಓಗುಚಿ, ಫುಜಿಮೊರಿ ಮುಂದಿನ ಸಾಲಿನಲ್ಲಿದ್ದರು. ತೋಕಿಯೆ ನೀಲಿ ಕಿಮೊನೊದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮೊಮೊಸೆಗೆ ಅದೇ ಅಂಗಿ ತೊಡಿಸಿ ವೇದಿಕೆ ಹತ್ತಿಸಿದರು. ಅವರು ಬೆಳಗ್ಗೆಯೇ ನನ್ನ ಹತ್ತಿರ, "ನಾನು ಇವತ್ತು ನಿಜ ಹೇಳಿಬಿಡ್ತೀನಿ, ಕೆಲಸ ಹೋದರೆ ಹೋಗಲಿ," ಎಂದಿದ್ದರು. ಅಷ್ಟು ನೇರವಾದ ವಾಕ್ಯ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಈ ವಯಸ್ಸಿನಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ?

"ವರದಿ!" ಎಂದು ಕೂಗಿದರು. ಬಿಯರ್ ಲೋಟಗಳು ಗಲಗಲ ಎಂದವು. "ಮೊದಲು ಫಲಿತಾಂಶ! ನಾನು ಸೋತಿದ್ದೇನೆ! ಈ ಹದಿನಾರು ರಿಬ್ಬನ್ ಬಹುಮಾನಗಳಲ್ಲ! ಹದಿನಾರು ವಿಷಯಗಳಲ್ಲಿ ನಾನು ದಡ್ಡ ಅಂತ ಗುರುತು!"

ಲೋಟಗಳೆಲ್ಲ ಮೇಜಿಗೆ ಇಳಿದವು.

ಓಗುಚಿ ನಿಧಾನವಾಗಿ ಎದ್ದು ನಿಂತರು. "ಕೇಳಿದಿರಾ? ಇಷ್ಟು ಗೆದ್ದವರು 'ಸೋತೆ' ಅಂತಾರೆ. ವಿನಯ ಅಂದರೆ ಇದು!"

ಚಪ್ಪಾಳೆ ಸೂರು ಹಾರಿಸಿತು.

"ಇಲ್ಲ! ನಿಜವಾಗ್ಲೂ! ಒಂದೂ ಪಾಸಾಗಿಲ್ಲ!"

"ನೋಡಿ ಕಲೀರಿ!" ಎಂದು ಅಧ್ಯಕ್ಷರು ಯುವಕರ ಮೇಜಿನ ಕಡೆ ಬೆರಳು ತೋರಿಸಿದರು. ಫುಜಿಮೊರಿ ನೆಲಕ್ಕೆ ಹಣೆ ತಾಗುವಂತೆ ಬಾಗಿ, "ಭಾವಾ, ಹತ್ತೊಂಬತ್ತು ವರ್ಷದ್ದು ಕ್ಷಮಿಸಿ," ಎಂದು ಅತ್ತ. ಮೊಮೊಸೆ ಗಂಟಲು ಬೀಳುವವರೆಗೆ ನಿಜ ಹೇಳಿದರು. ಹೇಳಿದಷ್ಟೂ ಅವರು ದೊಡ್ಡವರಾಗುತ್ತಾ ಹೋದರು.

ಮನೆಗೆ ಹೋಗುವ ದಾರಿಯಲ್ಲಿ ಅವರು ಹೆಂಡತಿಯನ್ನು ಕೇಳಿದರಂತೆ. "ನೀನಾದರೂ ನಂಬ್ತೀಯಾ? ನಾನು ನಿಜವಾಗ್ಲೂ ಫೇಲು."

"ಸುದ್ದಿ ಬಂದ ದಿನವೇ ಗೊತ್ತಿತ್ತು ಕಣ್ರೀ," ಎಂದಳು ತೋಕಿಯೆ. "ನಿಮಗೆ 'ನೆನಪಿ'ಗೆ ಬಹುಮಾನ ಬಂತು ಅಂದಾಗಲೇ. ನಮ್ಮ ಮದುವೆ ದಿನಾಂಕ ಯಾವತ್ತಾದ್ರೂ ನೆನಪಿತ್ತಾ?"

"ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?"

"ಅಣ್ಣ ಬಂದು ನಮ್ಮನೆ ಒಳಗೆ ಕೂತು ಚಹಾ ಕುಡಿದ. ಎರಡು ಸಲ ಹಾಕಿಸ್ಕೊಂಡ. ಅದನ್ನ ಯಾಕೆ ಕೆಡಿಸ್ಲಿ ಅಂತ."

ರಾಜೀನಾಮೆ ಕೊಡಬೇಕೆಂದಿದ್ದ ಯೋಚನೆಯನ್ನು ಮೊಮೊಸೆ ಅಲ್ಲೇ ಕೈಬಿಟ್ಟರಂತೆ.

ಏಪ್ರಿಲ್‌ನಲ್ಲಿ ಮೊದಲ ತರಗತಿ ನಡೆಯಿತು. ನಾವು ಇಪ್ಪತ್ತು ಜನ, ಹಿಂದಿನ ಕುರ್ಚಿಯಲ್ಲಿ ಅಧ್ಯಕ್ಷರು. ಮೊಮೊಸೆ ಕಪ್ಪುಹಲಗೆಯ ಮುಂದೆ ನಿಂತರು. ಬರೆಯಲಿಲ್ಲ. ಹಣೆಯ ಬೆವರು ಒರೆಸಿಕೊಂಡರು. ಕೊನೆಗೆ ಕೇಳಿದರು.

"ಇಲ್ಲಿ ಯಾಕೆ ಸೇರಿದ್ದೀವಿ ಅಂತ ಅರ್ಥ ಆಗದವರು ಕೈ ಎತ್ತಿ."

ಯಾರೂ ಎತ್ತಲಿಲ್ಲ. ಮೊಮೊಸೆ ಒಂದು ನಿಮಿಷ ಕಾದರು. ಆಮೇಲೆ ತಮ್ಮ ಕೈಯನ್ನೇ ಎತ್ತಿದರು. ಎತ್ತಿ ಹಾಗೇ ನಿಂತರು.

ಅದನ್ನು ನೋಡುತ್ತಾ ಕೂರುವುದು ಎಷ್ಟು ಕಷ್ಟವೆಂದು ನಿಮಗೆ ಹೇಳಲಾರೆ. ಊರುಗೋಲು ಹಿಡಿದಿದ್ದ ಉಶಿಯಾಮಾ ಮೊದಲು ಕೈ ಎತ್ತಿದ. "ಸಾರ್, ದಿನಾ ಬೆಳಗ್ಗೆ ನಾವು ಕೂಗೋ ಕಂಪನಿ ಧ್ಯೇಯದಲ್ಲಿ ಮೂರನೇ ಸಾಲು. ಆರು ವರ್ಷದಿಂದ ಕೂಗ್ತಿದ್ದೀನಿ. ಅರ್ಥ ಗೊತ್ತಿಲ್ಲ."

"ನಂಗೂ ಗೊತ್ತಿಲ್ಲ," ಎಂದರು ಮೊಮೊಸೆ. "ಬೇರೆ ಯಾರಿಗಾದ್ರೂ?"

ನಾನು ಕೈ ಎತ್ತಿದೆ. ನನ್ನ ಮುಂದಿನವನು ಎತ್ತಿದ. ಆಮೇಲೆ ಹನಾಓಕಾ, ಭುಜ ನೋಯುವವರ ಹಾಗೆ ನಿಧಾನವಾಗಿ ಎತ್ತಿ, "ಆವತ್ತು ಅಧ್ಯಕ್ಷರು ಗೊತ್ತಿತ್ತಾ ಅಂದಾಗ... ನಂಗೆ ಏನೂ ಗೊತ್ತಿರ್ಲಿಲ್ಲ," ಎಂದರು. ಎಲ್ಲರೂ ಭಯದಿಂದ ಹಿಂದೆ ತಿರುಗಿದೆವು.

ಅಧ್ಯಕ್ಷರ ಕೈಯೂ ಮೇಲಿತ್ತು.

"ಆ ಮೂರನೇ ಸಾಲು ನಮ್ಮಪ್ಪ ಬರೆದದ್ದು," ಎಂದರು. "ಕೇಳೋಣ ಅಂದ್ಕೊಳ್ಳುವಷ್ಟರಲ್ಲಿ ತೀರಿಕೊಂಡರು." ಸ್ವಲ್ಪ ಕೆಮ್ಮಿದರು. "ಮೊಮೊಸೆ, ಇನ್ನೊಂದು. ಆ ರಿಬ್ಬನ್ ವಿಷಯ ಮತ್ತೊಂದು ಸಲ ಹೇಳು."

ಮೊಮೊಸೆ ಹೇಳಿದರು. ಕೂಗದೆ, ಮೊದಲಿಂದ ಕೊನೆಯವರೆಗೆ ಹೇಳಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

"ಹದಿನಾರಕ್ಕೆ ಹದಿನಾರೂ?"

"ಹದಿನಾರೂ."

"ಅಲ್ಲಿಗೆ ನಾನು ಹೋಗಿದ್ದಿದ್ರೆ?"

ಹನಾಓಕಾ ಕಣ್ಣು ಮುಚ್ಚಿಕೊಂಡರು. ಮೊಮೊಸೆ ಅಧ್ಯಕ್ಷರನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ಬೆರಳು ಮಡಿಸಿ, ಬಹಳ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರು.

"ಹದಿನೈದು, ಅಧ್ಯಕ್ಷರೇ. ಫೋನಲ್ಲಿ ನೀವು ಚೆನ್ನಾಗಿ ಮಾತಾಡ್ತೀರಿ."

ಇದಾಗಿ ನಾಲ್ಕು ವರ್ಷವಾಯಿತು. ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಹೊಸಬರು ಸೇರಿದಾಗ ಅಧ್ಯಕ್ಷರು ಅವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮೊಮೊಸೆಯ ಕಡೆ ಕೈ ತೋರಿಸಿ ಹೇಳುತ್ತಾರೆ. "ಇವರು ನಿಮ್ಮ ಮೇಷ್ಟ್ರು. ದಡ್ಡತನದಲ್ಲಿ ನನಗಿಂತ ಒಂದೇ ಒಂದು ರಿಬ್ಬನ್ ಮುಂದೆ. ಅರ್ಥ ಆಗದಿದ್ರೆ ನಾಚಿಕೆಪಡಬೇಡಿ, ಇವರನ್ನ ಕೇಳಿ. ಇವರಿಗೂ ಆಗದಿದ್ರೆ ಇಬ್ಬರೂ ಸೇರಿ ನನ್ನ ಹತ್ತಿರ ಬನ್ನಿ, ಮೂವರೂ ಕೂತು ಯಾರನ್ನಾದ್ರೂ ಕೇಳೋಣ."